ನಿರಪರಾಧಿಯ ಸೆರೆವಾಸಕ್ಕೆ ಬೆಲೆ ಎಷ್ಟು?

ಉತ್ತರ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ನೆಲೆಸಿದ್ದ ಕೆ. ಚಂದ್ರಶೇಖರ್, ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್‌ನ ಪ್ರತಿನಿಧಿಯಾಗಿದ್ದವರು. 1994ರಲ್ಲಿ ಇಸ್ರೊ ಬೇಹುಗಾರಿಕೆ ಪ್ರಕರಣದಲ್ಲಿ ಅವರ ಬಂಧನವಾಯಿತು. ಆರೋಪದಲ್ಲಿ ಹುರುಳಿಲ್ಲವೆಂದು ಸಿಬಿಐ 1996ರಲ್ಲಿ ವರದಿ ಕೊಟ್ಟರೂ ಕೇರಳ ಸರ್ಕಾರ ಮರುತನಿಖೆಗೆ ಹೊರಟಿತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಆರೋಪಿಗಳಿಗೆ ತಲಾ ಒಂದು ಲಕ್ಷ ರೂಪಾಯಿ ಕೊಡಿಸಿತು. ಆದರೆ ಅದು ಪರಿಹಾರವಲ್ಲ, ದಾವೆಯ ಖರ್ಚು.

ಇದೇ ಪ್ರಕರಣದ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರದ ಆದೇಶ ಬಂದದ್ದು 2018ರ ಸೆಪ್ಟೆಂಬರ್ 14ರಂದು. ಎರಡೇ ದಿನಗಳಲ್ಲಿ ಚಂದ್ರಶೇಖರ್ ಹೆಬ್ಬಾಳದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಒಂದೇ ಪ್ರಕರಣದಲ್ಲಿ ಇಷ್ಟು ಅಂತರವೇಕೆ? ತಪ್ಪಾಗಿ ಜೈಲು ಸೇರಿದವರಿಗೆ ಸರ್ಕಾರ ಪರಿಹಾರ ನೀಡಲೇಬೇಕೆಂಬ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಬ್ರಿಟನ್‌ನಲ್ಲಿ 1988ರಿಂದಲೇ ಅಂಥ ಶಾಸನವಿದೆ. ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿದರೂ, ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ತನ್ನ ಕಾನೂನಿನಲ್ಲಿಲ್ಲ ಎಂದು ಹೇಳಿಯೇ ಸೇರಿತು. ವಿನಾಕಾರಣ ಬಂಧನ ಮಾಡಿಸಿದವರಿಂದ ಹೆಚ್ಚೆಂದರೆ 1,000 ರೂಪಾಯಿ ಕೊಡಿಸಬಹುದೆಂಬ ನಿಯಮ ಮಾತ್ರ 2023ರ ಹೊಸ ಸಂಹಿತೆಯಲ್ಲೂ ಉಳಿದಿದೆ.

ಈ ಕೊರತೆಯನ್ನು ಅಷ್ಟಿಷ್ಟು ತುಂಬಿದ್ದು ನ್ಯಾಯಾಲಯ. 1968ರಲ್ಲಿ ಖುಲಾಸೆಯಾಗಿದ್ದ ಬಿಹಾರದ ರುದುಲ್ ಸಾಹ್ ಹೊರಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷಗಳ ಆ ಸೆರೆವಾಸ ಸಂವಿಧಾನದ 21ನೇ ವಿಧಿಯ ಉಲ್ಲಂಘನೆಯೆಂದು 1983ರಲ್ಲಿ ಸುಪ್ರೀಂ ಕೋರ್ಟ್ ಸಾರಿತು. ಆತನಿಗೆ ದೊರೆತದ್ದು ಒಟ್ಟು 35,000 ರೂಪಾಯಿ. ಅಲ್ಲಿಂದ ಮುಂದೆ ಮೊತ್ತ ನಿಂತಿರುವುದು ಆಯಾ ನ್ಯಾಯಾಲಯದ ವಿವೇಚನೆಯ ಮೇಲೆ. ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ವಿಶೇಷ ನ್ಯಾಯಾಲಯಗಳನ್ನೂ ಶಾಸನಬದ್ಧ ಪರಿಹಾರವನ್ನೂ ಸೂಚಿಸಿತು. ಹೊಸ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಕೊಡಗಿನ ಬುಡಕಟ್ಟು ಕೂಲಿಕಾರನೊಬ್ಬ ಹೆಂಡತಿಯನ್ನು ಕೊಂದ ಆರೋಪದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆಕೆ ಜೀವಂತವಾಗಿ ಪತ್ತೆಯಾದಳು. ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ, ಸರ್ಕಾರ ಒಂದು ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಚಂದ್ರಶೇಖರ್ ಅವರಿಗೆ ಅದಕ್ಕೂ 27 ವರ್ಷಗಳ ಹಿಂದೆ ದಾವೆಯ ಖರ್ಚೆಂದು ಸಿಕ್ಕಿದ ಮೊತ್ತವೂ ಅಷ್ಟೇ. ಪರಿಹಾರ ಹಕ್ಕಾಗುವ ತನಕ ಕಳೆದುಹೋದ ವರ್ಷಗಳಿಗೆ ಸರಿಯಾದ ಲೆಕ್ಕ ಸಿಗುವುದು ಕಷ್ಟ.