ಕರಿಗಣ್ಣಿನ ಹಕ್ಕಿಗಳು

ಉರ್ದು ಶಾಲೆಯಲ್ಲಿ ಓದಿದವರಿಗೆ ಶಾಹೀನ್ ಎಂದರೆ ಮೊದಲು ನೆನಪಾಗುವುದು ಹಕ್ಕಿಯಲ್ಲ, ಇಕ್ಬಾಲ್. ಅಲ್ಲಾಮಾ ಇಕ್ಬಾಲರ 'ಬಾಲ್-ಎ-ಜಿಬ್ರೀಲ್' (1935) ಸಂಕಲನದಲ್ಲಿ ಅದೇ ಹೆಸರಿನ ಕವಿತೆಯೊಂದಿದೆ. ಅದನ್ನು ಪಾಠ ಮಾಡುವ ದಿನ ನಮ್ಮ ಉಸ್ತಾದರು ಬೆತ್ತವನ್ನು ಬದಿಗಿಟ್ಟು, ಟೋಪಿ ಸರಿಪಡಿಸಿಕೊಂಡು ಎದ್ದು ನಿಲ್ಲುತ್ತಿದ್ದರು. ಮುಂದೆ ಕನ್ನಡ ಹೈಸ್ಕೂಲಿಗೆ ಸೇರಿದಾಗ ನಾನು ಮೇಷ್ಟ್ರನ್ನು ಕೇಳಿದೆ: "ಸಾರ್, ಶಾಹೀನ್‌ಗೆ ಕನ್ನಡದಲ್ಲಿ ಏನಂತಾರೆ?" "ಗಿಡುಗ ಕಣಯ್ಯಾ." "ಬಾಜ್‌ಗೆ?" "ಅದೂ ಗಿಡುಗವೇ." "ಶಿಕ್ರಾಗೆ?" "ಎಲ್ಲಾ ಗಿಡುಗವೇ, ಕೂತ್ಕೋ."

ಮೇಷ್ಟ್ರ ಮೇಲೆ ನನಗೆ ದೂರಿಲ್ಲ. ಜೀವಿಗಳಿಗೆಲ್ಲ ಹೆಸರಿಟ್ಟು ವಿಂಗಡಿಸಿದ ಕಾರ್ಲ್ ಲಿನೇಯಸ್ ಎಂಬ ಮಹಾ ಪಂಡಿತನೇ 1758ರಲ್ಲಿ ಹದ್ದು, ಗಿಡುಗ, ಶಾಹೀನ್‌ಗಳನ್ನು 'ಫಾಲ್ಕೊ' ಎಂಬ ಒಂದೇ ಚೀಲಕ್ಕೆ ತುಂಬಿದ್ದ. ಕೊಕ್ಕು ಬಾಗಿದೆ, ಉಗುರು ಚೂಪಾಗಿದೆ, ಮಾಂಸ ತಿನ್ನುತ್ತದೆ. ಇಷ್ಟು ಸಾಲದೇ?

ಸಾಲದು ಎಂದು ತಿಳಿದವರು ಬೇರೆಯೇ ಜನ. ಇರಾನ್ ಮತ್ತು ಹಿಂದೂಸ್ತಾನದಲ್ಲಿ ಬೇಟೆ ಹಕ್ಕಿಗಳನ್ನು ಪಳಗಿಸುತ್ತಿದ್ದ ಮೀರ್‌ಶಿಕಾರ್‌ಗಳು ಈ ಹಕ್ಕಿಗಳನ್ನು ಕಣ್ಣು ನೋಡಿ ಎರಡು ಪಂಗಡ ಮಾಡಿದ್ದರು. ಹಳದಿ ಕಣ್ಣಿನವು 'ಗುಲಾಬ್ ಚಶ್ಮ್', ಕರಿಗಣ್ಣಿನವು 'ಸಿಯಾಹ್ ಚಶ್ಮ್'. ಬಾಜ್ ಮತ್ತು ಶಿಕ್ರಾ ಮೊದಲನೆಯ ಪಂಗಡಕ್ಕೆ ಸೇರಿದವು. ಶಾಹೀನ್, ಬಹರಿ, ಲಗ್ಗರ್, ಚರ್ಗ್, ತುರುಮ್ತಿ ಎರಡನೆಯದಕ್ಕೆ. ಇರಾನಿನ ರಾಜಕುಮಾರ ತೈಮೂರ್ ಮಿರ್ಜಾ 1868ರಲ್ಲಿ ಬರೆದ 'ಬಾಜ್‌ನಾಮಾ-ಎ-ನಾಸಿರಿ' ಎಂಬ ಫಾರ್ಸಿ ಗ್ರಂಥದ ವಿಂಗಡಣೆಯೂ ಇದೇ. ಇದು ಬರೀ ಕಣ್ಣಿನ ಬಣ್ಣದ ಮಾತಲ್ಲ. ಹಳದಿ ಕಣ್ಣಿನವು ಮರಗಳ ನಡುವೆ ನುಸುಳಿ ಹಿಡಿಯುತ್ತವೆ, ಉಗುರಿನಿಂದ ಹಿಂಡಿ ಕೊಲ್ಲುತ್ತವೆ. ಕರಿಗಣ್ಣಿನವು ಬಯಲಿನಲ್ಲಿ ಬೇಟೆಯಾಡುತ್ತವೆ. ಅವುಗಳ ಮೇಲ್ಗೊಕ್ಕಿನಲ್ಲಿ ಹಲ್ಲಿನಂಥ ಒಂದು ಮೊನೆಯಿದ್ದು, ಅದರಿಂದ ಬೇಟೆಯ ಕತ್ತು ಮುರಿಯುತ್ತವೆ. ಎರಡು ಪಂಗಡಕ್ಕೂ ತರಬೇತಿಯೇ ಬೇರೆ. ಅದನ್ನು ತಿಳಿಯದ ಮೀರ್‌ಶಿಕಾರ್ ಹಕ್ಕಿಯನ್ನೂ ಕಳೆದುಕೊಳ್ಳುತ್ತಿದ್ದ, ಕೆಲಸವನ್ನೂ ಕಳೆದುಕೊಳ್ಳುತ್ತಿದ್ದ.

ಪಂಡಿತರು ಆಮೇಲೆ ಇವುಗಳನ್ನು ಎರಡು ಕುಟುಂಬ ಮಾಡಿದರಾದರೂ ಹತ್ತಿರದ ದಾಯಾದಿಗಳೆಂದೇ ನಂಬಿದ್ದರು. 2008ರಲ್ಲಿ ಹಕ್ಕಿಗಳ ಡಿಎನ್‌ಎ ಹೋಲಿಸಿ ನಡೆಸಿದ ದೊಡ್ಡ ಅಧ್ಯಯನವೊಂದು ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಶಾಹೀನ್ ಬಳಗಕ್ಕೆ ಗಿಡುಗ, ಹದ್ದುಗಳು ದೂರದವರು; ಗಿಳಿಗಳು ಮತ್ತು ಗುಬ್ಬಿ, ಬುಲ್‌ಬುಲ್‌ನಂಥ ಹಕ್ಕಿಗಳು ಹತ್ತಿರದವರು! ಇಕ್ಬಾಲರ ಕಾವ್ಯದಲ್ಲಿ ಬುಲ್‌ಬುಲ್ ಒಂದು ಕಡೆ, ಶಾಹೀನ್ ಇನ್ನೊಂದು ಕಡೆ. ಈ ನೆಂಟಸ್ತಿಕೆಯನ್ನು ಕೇಳಿದ್ದರೆ ಅವರು ಏನೆನ್ನುತ್ತಿದ್ದರೋ.

ಮೀರ್‌ಶಿಕಾರ್‌ಗಳು ಹೆಣ್ಣಿಗೊಂದು, ಗಂಡಿಗೊಂದು ಹೆಸರಿಟ್ಟಿದ್ದರು. ಈ ಹಕ್ಕಿಗಳಲ್ಲಿ ಹೆಣ್ಣೇ ದೊಡ್ಡದು, ಬಲಶಾಲಿ. ಆದ್ದರಿಂದ ಪ್ರಸಿದ್ಧವಾದ ಹೆಸರು ಹೆಣ್ಣಿನದು. ಬಾಜ್ ಹೆಣ್ಣು, ಅದರ ಗಂಡು ಜುರ್ರಾ. ಲಗ್ಗರ್ ಹೆಣ್ಣು, ಗಂಡು ಜಗ್ಗರ್. ಚರ್ಗ್ ಹೆಣ್ಣು, ಗಂಡು ಚರ್ಗೇಲಾ. ಶಾಹೀನ್ ಕೂಡ ಹೀಗೆಯೇ. ಕಾವ್ಯದಲ್ಲಿ ಶಾಹೀನ್ ಮೀಸೆ ತಿರುವುವ ಯುವಕ. ನಮ್ಮ ಮೊಹಲ್ಲಾಗಳಲ್ಲಿ ಮಾತ್ರ ಆ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುತ್ತೇವೆ. ಮೀರ್‌ಶಿಕಾರ್‌ಗಳ ಲೆಕ್ಕದಲ್ಲಿ ಸರಿಯಾಗಿರುವುದು ನಮ್ಮ ಮೊಹಲ್ಲಾವೇ.

1834ರಲ್ಲಿ ಇಂಗ್ಲೆಂಡಿನ ಗ್ರೇ ಎಂಬ ವಿಜ್ಞಾನಿ ಭಾರತದಿಂದ ಹೋದ ಚಿತ್ರಗಳನ್ನು ನೋಡಿ ಎರಡು ಹಕ್ಕಿಗಳಿಗೆ ಲ್ಯಾಟಿನ್ ಹೆಸರಿಟ್ಟ: ಒಂದು 'ಫಾಲ್ಕೊ ಚೆರ್ರುಗ್', ಇನ್ನೊಂದು 'ಫಾಲ್ಕೊ ಜಗ್ಗರ್'. ಮೀರ್‌ಶಿಕಾರ್‌ಗಳ ಚರ್ಗ್ ಮತ್ತು ಜಗ್ಗರ್ ಇವತ್ತಿಗೂ ಜಗತ್ತಿನ ವಿಜ್ಞಾನ ಗ್ರಂಥಗಳಲ್ಲಿ ಹೀಗೇ ಉಳಿದಿವೆ. ಆ ಮಾತು ಹೇಳಿಕೊಟ್ಟವರ ಹೆಸರು ಮಾತ್ರ ಎಲ್ಲೂ ಇಲ್ಲ.

ಹೇಳಿಕೊಟ್ಟವರನ್ನು ನೆನೆದ ಒಬ್ಬ ದೊರೆಯ ಕಥೆಯನ್ನೂ ಹೇಳಬೇಕು. ಜರ್ಮನಿ ಮತ್ತು ಸಿಸಿಲಿಗಳನ್ನು ಆಳಿದ ಎರಡನೇ ಫ್ರೆಡರಿಕ್ (1194-1250) ಬೆಳೆದದ್ದು ಅರಬಿ ಮಾತು ಇನ್ನೂ ಕೇಳಿಬರುತ್ತಿದ್ದ ಪಲೆರ್ಮೋ ನಗರದಲ್ಲಿ. ಪೋಪ್ ಅವನನ್ನು ಧರ್ಮದಿಂದ ಬಹಿಷ್ಕರಿಸಿದ್ದ. ಅದೇ ಬಹಿಷ್ಕೃತ ದೊರೆ ಶಿಲುಬೆ ಯುದ್ಧಕ್ಕೆ ಹೋಗಿ, ಯುದ್ಧವನ್ನೇ ಮಾಡದೆ, 1229ರಲ್ಲಿ ಈಜಿಪ್ಟಿನ ಸುಲ್ತಾನ್ ಅಲ್-ಕಾಮಿಲ್ ಜೊತೆ ಒಪ್ಪಂದ ಮಾಡಿಕೊಂಡು ಜೆರುಸಲೇಮನ್ನು ಪಡೆದ. ಇಬ್ಬರ ಕಡೆಯವರೂ ತಮ್ಮ ದೊರೆಯನ್ನು ಬೈದರು. ರಕ್ತ ಹರಿಯಲಿಲ್ಲವೆಂಬುದೇ ಅವರ ಸಿಟ್ಟಿಗೆ ಕಾರಣವಿರಬೇಕು.

ಫ್ರೆಡರಿಕ್ ಪೂರ್ವದಿಂದ ಕಲಿತದ್ದು ರಾಜಕೀಯವನ್ನಷ್ಟೇ ಅಲ್ಲ. ಪಳಗಿಸಿದ ಪ್ರಾಣಿ ಹಿಡಿದ ಬೇಟೆಯ ವಿಷಯ ಕುರ್‌ಆನಿನ ಅಲ್-ಮಾಇದಾ ಅಧ್ಯಾಯದಲ್ಲೇ ಬರುತ್ತದೆ. ಅರಬರಲ್ಲಿ ಈ ವಿದ್ಯೆ ಅಷ್ಟು ಹಳೆಯದು. ಫ್ರೆಡರಿಕ್ ಅರಬ್ ಹಕ್ಕಿಗಾರರನ್ನು ತನ್ನ ಆಸ್ಥಾನಕ್ಕೆ ಕರೆಸಿಕೊಂಡ. 'ಮೋಆಮಿನ್' ಎಂದು ಯುರೋಪಿನಲ್ಲಿ ಹೆಸರಾದ ಅರಬಿ ಗ್ರಂಥವನ್ನು ಅಂತಿಯೋಕದ ಥಿಯೋಡೋರ್ ಎಂಬ ವಿದ್ವಾಂಸನಿಂದ ಲ್ಯಾಟಿನ್ನಿಗೆ ತರಿಸಿ, ಫಾಯೆಂಝಾ ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದಾಗ ತಾನೇ ಅದನ್ನು ತಿದ್ದಿದ. ಆಮೇಲೆ ತನ್ನದೇ ದೊಡ್ಡ ಗ್ರಂಥ ಬರೆದ. ಹಕ್ಕಿ ಬೆದರದಂತೆ ಕಣ್ಣು ಮುಚ್ಚುವ ಚರ್ಮದ ಟೊಪ್ಪಿಗೆಯನ್ನು ಅರಬರಿಂದ ಕಲಿತೆವೆಂದು ಅದರಲ್ಲಿ ಬಾಯಿಬಿಟ್ಟು ಹೇಳಿದ್ದಾನೆ. ಆ ಟೊಪ್ಪಿಗೆಗೆ ಅರಬಿಯಲ್ಲಿ ಬುರ್ಖಾ ಎನ್ನುತ್ತಾರೆ! ಅರಿಸ್ಟಾಟಲ್ ಹಕ್ಕಿಗಳ ಬಗ್ಗೆ ಬರೆದದ್ದು ಕೇಳಿದ ಮಾತು, ಕೈಯಾರೆ ಮಾಡಿದ್ದಲ್ಲ ಎಂದು ಆಕ್ಷೇಪಿಸುವ ಧೈರ್ಯವೂ ಅವನಿಗಿತ್ತು. ರಣಹದ್ದು ಆಹಾರ ಕಂಡುಕೊಳ್ಳುವುದು ಮೂಗಿನಿಂದಲೋ ಕಣ್ಣಿನಿಂದಲೋ ಎಂದು ತಿಳಿಯಲು ಅದರ ಕಣ್ಣು ಮುಚ್ಚಿಸಿ ಪರೀಕ್ಷಿಸಿದ. ಕಣ್ಣಿನಿಂದ ಎಂಬ ಉತ್ತರ ಸಿಕ್ಕಿತು. ಅವನ ಮಗ ಮ್ಯಾನ್‌ಫ್ರೆಡ್ ಬರೆಸಿದ ಸಚಿತ್ರ ಪ್ರತಿ ಇರುವುದು ಪೋಪನ ವ್ಯಾಟಿಕನ್ ಗ್ರಂಥಾಲಯದಲ್ಲೇ.

ನಮ್ಮ ನೆಲದಲ್ಲೂ ಈ ವಿದ್ಯೆ ಮುಸ್ಲಿಮರೊಂದಿಗೆ ಬಂದದ್ದೆಂದು ತಿಳಿಯಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಶ್ಯೇನವಿನೋದ, ಅಂದರೆ ಗಿಡುಗದ ಬೇಟೆಯ ವರ್ಣನೆಯಿದೆ. 1485ರಲ್ಲಿ ವಿಜಯನಗರದ ಗದ್ದುಗೆ ಹಿಡಿದ ನರಸಿಂಹನ ಮನೆತನದ ಹೆಸರು ಸಾಳುವ. ಹಳಗನ್ನಡದಲ್ಲಿ ಸಾಳುವ ಎಂದರೆ ಬೇಟೆಯ ಗಿಡುಗ. ಉತ್ತರದಲ್ಲಿ ಇರಾನಿನ ಶಾ ಅಬ್ಬಾಸ್ 1619ರಲ್ಲಿ ಜಹಾಂಗೀರನಿಗೆ ಒಂದು ಶುಂಖಾರ್ ಕಳಿಸಿದ. ಈ ಬಳಗದಲ್ಲೇ ದೊಡ್ಡದಾದ ಅದು ಉತ್ತರ ಧ್ರುವದ ಹಿಮನಾಡಿನ ಹಕ್ಕಿ. ಅಷ್ಟು ದೂರ ಬಂದದ್ದು ನೋಡಿಕೊಳ್ಳುವವರ ಅಜಾಗರೂಕತೆಯಿಂದ ಬೆಕ್ಕಿನ ಉಗುರಿಗೆ ಸಿಕ್ಕಿ, ಆಸ್ಥಾನ ಸೇರಿದ ವಾರದೊಳಗೆ ಸತ್ತಿತು. ಜಹಾಂಗೀರ್ ಉಸ್ತಾದ್ ಮನ್ಸೂರನಿಂದ ಅದರ ಚಿತ್ರ ಬರೆಸಿಟ್ಟ.

ಅರಸರು ನೋಡಿದ್ದು ಈ ಬಳಗದ ಕೆಲವರನ್ನು ಮಾತ್ರ. ಅದರಲ್ಲಿ 60ಕ್ಕೂ ಹೆಚ್ಚು ಜಾತಿಗಳಿವೆ. ದಕ್ಷಿಣ ಅಮೆರಿಕದ ಕ್ಯಾರಕ್ಯಾರಾ ನೆಲದ ಮೇಲೆ ನಡೆದಾಡಿ ಸತ್ತ ಪ್ರಾಣಿ ತಿನ್ನುತ್ತದೆ, ಗೂಡನ್ನೂ ಕಟ್ಟುತ್ತದೆ. ನಮ್ಮ ಹೊಲಗಳ ಮೇಲೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಚಾಣಕ್ಕೆ ಮಿಡತೆ, ಇಲಿ ಸಾಕು. ಹುಳ ತಿಂದು ಬದುಕುವ ಪುಟ್ಟ ಅಮೂರ್ ಚಾಣ ಚೀನಾ, ಸೈಬೀರಿಯಾ ಕಡೆಯಿಂದ ನಾಗಾಲ್ಯಾಂಡಿಗೆ ಬಂದು, ಅರಬ್ಬೀ ಸಮುದ್ರ ದಾಟಿ ದಕ್ಷಿಣ ಆಫ್ರಿಕಾ ಸೇರುತ್ತದೆ. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಅವುಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕೊಂದರು. ಸುದ್ದಿ ಹೊರಬಿದ್ದ ಮೇಲೆ ಹಳ್ಳಿಯವರೇ ಕುಳಿತು ಮಾತಾಡಿ, 2013ರಲ್ಲಿ ಬಲೆ ಬಿಚ್ಚಿಟ್ಟರು.

ನಮ್ಮ ಮೀರ್‌ಶಿಕಾರ್‌ಗಳ ಬಲೆ ಬಿಚ್ಚಿಸಿದ್ದು ಕಾನೂನು. 1972ರ ವನ್ಯಜೀವಿ ಕಾಯ್ದೆ, 1991ರ ಅದರ ತಿದ್ದುಪಡಿಗಳು ಹಕ್ಕಿ ಹಿಡಿಯುವುದನ್ನು, ಮಾರುವುದನ್ನು ಅಪರಾಧ ಮಾಡಿದವು. ಆ ಕಾನೂನು ಬೇಕಿತ್ತು. ಚರ್ಗ್ ಇಂದು ಅಳಿವಿನಂಚಿನ ಹಕ್ಕಿ. ಕೊಲ್ಲಿಯ ಶ್ರೀಮಂತರ ಶೋಕಿಗಾಗಿ ಅದನ್ನು ಕದ್ದು ಹಿಡಿಯುವುದನ್ನು ನಾನಂತೂ ಸಮರ್ಥಿಸಲಾರೆ. ಆದರೆ ತಲೆಮಾರುಗಳಿಂದ ಬಂದ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ಆ ಕಾನೂನಿನ ಜೊತೆಗೆ ಯಾರೂ ಹಚ್ಚಿಕೊಳ್ಳಲಿಲ್ಲ. ಹಕ್ಕಿಗಾರಿಕೆಯನ್ನು ಯುನೆಸ್ಕೋ 2010ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರ ಹೊತ್ತಿಗೆ ಆ ಪಟ್ಟಿಯಲ್ಲಿ ಪಾಕಿಸ್ತಾನವೂ ಸೇರಿ 24 ದೇಶಗಳಿದ್ದವು. ಭಾರತ ಇರಲಿಲ್ಲ. ಬಿಹಾರದಲ್ಲಿ ಮೀರ್‌ಶಿಕಾರ್ ಎಂಬುದು ಈಗ ಒಂದು ಬಡ ಮುಸ್ಲಿಂ ಸಮುದಾಯದ ಹೆಸರು. ಅವರಲ್ಲೊಬ್ಬರಾದ ಅಲಿ ಹುಸೇನರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೆಲಸಕ್ಕೆ ಕರೆದುಕೊಂಡಿತು. ಹಕ್ಕಿಗೆ ಒಂದು ಗರಿಯೂ ನೋಯದಂತೆ ಹಿಡಿದು, ಕಾಲಿಗೆ ಉಂಗುರ ತೊಡಿಸಲು ಕೊಟ್ಟು, ಮತ್ತೆ ಹಾರಿಬಿಡುವುದು ಅವರ ಕಸುಬಾಯಿತು.

ನಮ್ಮ ಓಣಿಯಲ್ಲಿ ಶಾಹೀನ್ ಎಂಬ ಏಳು ವರ್ಷದ ಹುಡುಗಿಯಿದ್ದಾಳೆ. ಮೊನ್ನೆ ಅವಳಿಗೆ ಅವಳ ಹೆಸರಿನ ಹಕ್ಕಿಯ ಬಗ್ಗೆ ಹೇಳುತ್ತಿದ್ದೆ. ಅದು ಗೂಡು ಕಟ್ಟುವುದಿಲ್ಲ, ಬೆಟ್ಟದ ಬಂಡೆಯ ಮೇಲೆ ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಮಾಮೂ, ಮಳೆ ಬಂದ್ರೆ?"