ಸಮಾಧಿಯ ದಾರಿಯಲ್ಲೇ ವಸಂತ ವಿಹಾರ

ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬದಂದು ಚೀನೀಯರು ಹಿರಿಯರ ಸಮಾಧಿ ಗುಡಿಸಿ, ಎಡೆಯಿಟ್ಟು, ಬಳಿಕ ಹಸಿರು ನೋಡಲು ಹೊರಡುತ್ತಾರೆ. ಈ ವಿಹಾರವನ್ನು ಪ್ರವಾಸೋದ್ಯಮವೇ ಹಬ್ಬಕ್ಕೆ ಅಂಟಿಸಿತೆಂಬ ಆಕ್ಷೇಪ ಚರಿತ್ರೆಯ ಮುಂದೆ ನಿಲ್ಲದು. 732ರಲ್ಲಿ ತಾಂಗ್ ಚಕ್ರವರ್ತಿ ಶ್ವಾನ್‌ಜೋಂಗ್, ಚಿಂಗ್‌ಮಿಂಗ್‌ಗೆ ತುಸು ಮೊದಲು ಬರುತ್ತಿದ್ದ ತಣ್ಣನೆಯ ಊಟದ ಹಬ್ಬದ ಸಮಾಧಿ ಪೂಜೆಗೆ ಮನ್ನಣೆ ಕೊಟ್ಟ. ಉಳಿದ ಎಡೆಯನ್ನು ಬೇರೆಡೆ ತಿನ್ನಬೇಕು, ಮೋಜು ಕೂಡದು ಎಂದೂ ವಿಧಿಸಿದ. ಮೋಜು ಇದ್ದುದರಿಂದಲೇ ಅಲ್ಲವೇ ನಿಷೇಧ? 1127ರಲ್ಲಿ ಶತ್ರುವಶವಾದ ಸೋಂಗ್ ರಾಜಧಾನಿ ಕೈಫೆಂಗನ್ನು ನೆನೆದು ಬರೆದ ಮೆಂಗ್ ಯುವಾನ್‌ಲಾವ್, ಚಿಂಗ್‌ಮಿಂಗ್‌ನಂದು ಊರಾಚೆಯ ಬಯಲೆಲ್ಲ ಸಂತೆಯಂತಾಗಿ, ಜನ ಹೂಮರಗಳಡಿ ಬಟ್ಟಲು ತಟ್ಟೆ ಹರಡಿಕೊಂಡು ಕೂರುತ್ತಿದ್ದುದನ್ನು ದಾಖಲಿಸಿದ್ದಾನೆ.

ಇದರಿಂದ ಶೋಕ ಹಗುರವಾಗದೇ ಎಂದು ಕೇಳಬಹುದು. ಆಗದು, ಎನ್ನುತ್ತೇನೆ: ಹಿರಿಯರಿಗಿಟ್ಟ ಎಡೆಯನ್ನು ಮನೆಮಂದಿ ಹಂಚಿ ಉಣ್ಣುವುದು ಸ್ಮರಣೆಯದೇ ಭಾಗ. 2008ರಿಂದ ಚಿಂಗ್‌ಮಿಂಗ್ ಚೀನಾದಲ್ಲಿ ಸಾರ್ವಜನಿಕ ರಜೆ. ಆ ರಜೆಯಲ್ಲಿ ಅಲ್ಲಿಗೆ ಹೋಗುವ ಪ್ರವಾಸಿಗರು ಉದ್ಯಾನಗಳಲ್ಲಿ ಮನಸಾರೆ ನಲಿಯಲಿ. ಸಮಾಧಿಗಳ ಬಳಿ ಮಾತ್ರ ಕ್ಯಾಮೆರಾ ಚೀಲದಲ್ಲಿರಲಿ.