ತಲಕಾವೇರಿಯಿಂದ ಗದ್ದೆಗೆ

ತುಲಾ ಸಂಕ್ರಮಣದ ದಿನ, ಸಾಮಾನ್ಯವಾಗಿ ಅಕ್ಟೋಬರ್ 17ರಂದು, ಭಾಗಮಂಡಲದಿಂದ ತಲಕಾವೇರಿಗೆ ಹೋಗುವ ಸುಮಾರು 8 ಕಿಲೋಮೀಟರ್ ಏರುದಾರಿಯಲ್ಲಿ ಈಗ ಬಸ್ಸು, ಜೀಪುಗಳದೇ ಸಾಲು. ಮೋಟಾರು ಬರುವ ಮೊದಲು ಕೊಡಗಿನ ಒಕ್ಕಗಳ ಜನ ಈ ಬೆಟ್ಟವನ್ನು ಕಾಲ್ನಡಿಗೆಯಲ್ಲೇ ಏರುತ್ತಿದ್ದರು. ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಮಿಂದು, ಗತಿಸಿದ ಹಿರಿಯರಿಗೆ ಪಿಂಡವಿಟ್ಟು, ಕಾವೇರಿಯ ನೀರು ಉಕ್ಕುತ್ತದೆನ್ನುವ ತೀರ್ಥೋದ್ಭವದ ಗಳಿಗೆಗೆ ಮೇಲಿರಬೇಕಿತ್ತು. ಇದನ್ನು ತೀರ್ಥಯಾತ್ರೆ ಎಂದು ಕರೆದು ಧರ್ಮದ ಖಾತೆಗೆ ಬರೆದುಬಿಡುವುದು ಸುಲಭ. ನನಗೆ ಅಷ್ಟು ಸಾಲದು ಅನ್ನಿಸುತ್ತದೆ. ಈ ನಡಿಗೆ ಒಕ್ಕದ ದಿನನಿತ್ಯದ ಬದುಕಿನದೇ ಒಂದು ಕೆಲಸವಾಗಿತ್ತು. ಅದು ಶರತ್ಕಾಲಕ್ಕೆ ಬಂದದ್ದೂ, ತುಂಬಿದ ಮನೆಯವರಿಗೆ ಸಾಧ್ಯವಾದದ್ದೂ ಭತ್ತದ ಗದ್ದೆಯಿಂದ.

ಕೊಡವರ ಒಕ್ಕವೆಂದರೆ ಒಬ್ಬ ಮೂಲಪುರುಷನ ಗಂಡು ಸಂತತಿ, ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಎಲ್ಲರಿಗೂ ಸೇರಿದ ಒಂದು ಐನ್‌ಮನೆ. ಕಂಬಗಳ ನಡುವೆ ಅಗಲವಾದ ಐಮರದ ಹಲಗೆ ಹಾಸಿದ ಕಯ್ಯಾಲೆ ಎಂಬ ಜಗಲಿ, ಒಳಗೆ ದೀಪ ಉರಿಯುವ ನಡುಮನೆ ನೆಲ್ಲಕ್ಕಿ ನಡುಬಾಡೆ, ಸನಿಹದಲ್ಲಿ ಕಾರಣರ, ಅಂದರೆ ಗತಿಸಿದ ಹಿರಿಯರ, ಗುಡಿಯಾದ ಕೈಮಡ. ಇಂಥ ಮನೆಯನ್ನು ಹಿಡಿದಿಟ್ಟದ್ದು ಪ್ರೀತಿಯೊಂದೇ ಅಲ್ಲ, ವಂಶಪಾರಂಪರ್ಯದ ಜಮ್ಮಾ ಹಿಡುವಳಿ. ಆ ಭೂಮಿಯ ಕಂದಾಯ ಸಾಮಾನ್ಯ ಹಿಡುವಳಿಯಾದ ಸಾಗು ಭೂಮಿಯ ಕಂದಾಯದ ಅರ್ಧದಷ್ಟಿತ್ತು. ಅದನ್ನು ಮಾರುವಂತಿರಲಿಲ್ಲ, ತುಂಡು ಮಾಡುವಂತಿರಲಿಲ್ಲ. ಭೂಮಿ ಒಡೆಯದಿದ್ದರೆ ಒಲೆಯನ್ನು ಒಡೆಯುವುದೂ ಕಷ್ಟ. ಹಿರಿಯನಾದ ಪಟ್ಟೆದಾರ ಕೆಲಸ ಹಂಚುತ್ತಿದ್ದ. ಮುಂಗಾರಿನಲ್ಲಿ ಗದ್ದೆಗಿಳಿದವರಿಗೆ ನಾಟಿಯ ಕಕ್ಕಡ ತಿಂಗಳು ಮುಗಿಯುವ ತನಕ ಬಿಡುವಿಲ್ಲ, ಬೇಟೆಯೂ ಇಲ್ಲ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ. ಕೋವಿ, ಕತ್ತಿಗಳಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ, ಊಟಕ್ಕೆ ಅಕ್ಕಿಯ ಕಡಂಬುಟ್ಟು, ಹಂದಿಕರಿ. ಅಲ್ಲಿಂದ ನವೆಂಬರ್ ಕೊನೆ ಅಥವಾ ಡಿಸೆಂಬರಿನ ಪುತ್ತರಿ ಹಬ್ಬದಲ್ಲಿ ಮೊದಲ ತೆನೆ ಕೊಯ್ಯುವವರೆಗೆ ಭತ್ತ ತನ್ನಷ್ಟಕ್ಕೆ ಬೆಳೆಯುತ್ತದೆ. ಮಳೆ ಇಳಿದು, ಹಾದಿ ಗಟ್ಟಿಯಾಗಿ, ಕಾಲಿಗೆ ಬಿಡುವು ಸಿಗುವುದು ಆ ನಡುವೆಯೇ. ತುಲಾ ಸಂಕ್ರಮಣದ ಹಬ್ಬವಾದ ಕಾವೇರಿ ಚಂಗ್ರಾಂದಿ ಸರಿಯಾಗಿ ಅಲ್ಲಿ ಕೂತಿದೆ.

ಆದರೆ ಬಿಡುವೆಂದರೆ ಮನೆಗೆ ಬೀಗ ಹಾಕಿ ಹೊರಡುವ ಬಿಡುವಲ್ಲ. ಹಾಲು ತುಂಬುತ್ತಿರುವ ಗದ್ದೆಗೆ ಹಂದಿ ನುಗ್ಗುತ್ತದೆ, ಕೊಟ್ಟಿಗೆಯಲ್ಲಿ ದನವಿದೆ, ಮನೆಯಲ್ಲಿ ಹಾಸಿಗೆ ಹಿಡಿದವರಿರುತ್ತಾರೆ. ದೊಡ್ಡ ಒಕ್ಕದ ಅನುಕೂಲ ಇಲ್ಲಿತ್ತು: ಕೆಲವರು ಹೋದರೆ ಕೆಲವರು ಉಳಿಯಬಹುದು. ಹೋದವರು ಉಳಿದವರ ಪರವಾಗಿಯೂ ಹೋಗುತ್ತಿದ್ದರು. ಅವರು ತಂದ ತೀರ್ಥ ಮನೆಯಲ್ಲಿ ವರ್ಷವಿಡೀ ಇರುತ್ತದೆ, ಸಾಯುವವರ ಬಾಯಿಗೆ ಕೊನೆಯ ಹನಿಯಾಗುತ್ತದೆ. ಸಂಕ್ರಮಣದ ಹೊತ್ತಿಗೆ ಬಳ್ಳಿ ಸುತ್ತಿದ ಬೊತ್ತು ಎಂಬ ಕೋಲನ್ನು ಗದ್ದೆಯಲ್ಲಿ ನೆಡುತ್ತಾರೆ. ಮನೆಯೊಳಗೆ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ, ಅದನ್ನೇ ಕಾವೇರಿಯೆಂದು ಕಣಿಪೂಜೆ ಮಾಡುತ್ತಾರೆ. ಅಂದು ಮಾಂಸವಿಲ್ಲ, ದೋಸೆ, ಕುಂಬಳಕಾಯಿ ಸಾರು. ಈ ಆಚರಣೆಗಳನ್ನು ಒಟ್ಟಿಗಿಟ್ಟು ನೋಡಿದರೆ ನಡಿಗೆಯ ಗುರಿ ಬೆಟ್ಟದ ತುದಿಯಷ್ಟೇ ಆಗಿರಲಿಲ್ಲ ಎಂಬುದು ಕಾಣುತ್ತದೆ. ಹೊಳೆಯ ಹುಟ್ಟಿನಿಂದ ಹೊರಟು ಗದ್ದೆಯ ಬದುವಿಗೆ, ಒಲೆಯ ಮುಂದಕ್ಕೆ ಬಂದಾಗಲೇ ಅದು ಮುಗಿಯುತ್ತಿತ್ತು.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. 1952ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ ಪುಸ್ತಕದಲ್ಲೇ ಸಂಸ್ಕೃತೀಕರಣ, ಅಂದರೆ ಒಂದು ಗುಂಪು ಮೇಲ್ಜಾತಿಗಳ ಆಚರಣೆಗಳನ್ನು ತನ್ನದಾಗಿಸಿಕೊಳ್ಳುವುದು, ಎಂಬ ಪರಿಕಲ್ಪನೆ ರೂಪುಗೊಂಡಿತು. ಪುರಾಣದ ಕಾವೇರಿ, ಸ್ನಾನ, ಪಿಂಡದಾನ ಇವೆಲ್ಲ ಕೊಡಗಿನಾಚೆಯ ವಿಶಾಲ ಹಿಂದೂ ಲೋಕದ ಸಂಗತಿಗಳು, ಒಕ್ಕದ ಸ್ವಂತ ಆಚರಣೆಯೆಂದರೆ ಕಾರಣರ ಪೂಜೆ ಎಂದು ಯಾರಾದರೂ ವಾದಿಸಬಹುದು. ಒಪ್ಪುತ್ತೇನೆ, ಕಥೆ ಹೊರಗಿನಿಂದ ಬಂದಿರಬಹುದು. ಆದರೆ ಬೊತ್ತನ್ನು ನೆಟ್ಟ ಕೈ ಗದ್ದೆಯದು. ಬಂದ ದೇವತೆಯನ್ನು ಮನೆಮಗಳಂತೆ ಸಿಂಗರಿಸಿ, ಭತ್ತದ ಪಂಚಾಂಗದೊಳಗೆ ಕೂರಿಸಿಕೊಂಡದ್ದು ಒಕ್ಕವೇ. ಕೊಡಗಿನಲ್ಲಿ ಐನ್‌ಮನೆಗಳಿರುವ ಅರೆಭಾಷೆ ಗೌಡರೂ ಕಾವೇರಿಯನ್ನು ಹೀಗೇ ತಮ್ಮವಳಾಗಿಸಿಕೊಂಡಿದ್ದಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ನೋವಿನದು, ತಳ್ಳಿಹಾಕಲಾಗದ್ದು. ಒಕ್ಕಕ್ಕೆ ಸಿಕ್ಕ ಬಿಡುವು ಯಾರ ದುಡಿಮೆಯಿಂದ? ಭೂಮಿಯೊಂದಿಗೇ ಕಟ್ಟಿಹಾಕಲ್ಪಟ್ಟಿದ್ದ ಆಳುಗಳ ಮನೆತನಗಳು ಆ ಗದ್ದೆಗಳಲ್ಲಿ ಬೆನ್ನು ಬಾಗಿಸಿದ್ದವು. ಹತ್ತಾರು ಜನರ ಮನೆಯಲ್ಲಿ ಅಡುಗೆಯ ಹೊಗೆ ಕುಡಿದವರು ಸೊಸೆಯಂದಿರು. ಆದ್ದರಿಂದ ಐನ್‌ಮನೆಯ ದಿನಗಳನ್ನು ಸುಖದ ಕಾಲವೆಂದು ನಾನು ಹೇಳಲಾರೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆ: ನಡಿಗೆ ಭಕ್ತಿಯೊಂದರಿಂದ ಹುಟ್ಟಲಿಲ್ಲ, ಯಾರು ಉಳಿಯಬೇಕು, ಯಾರು ಹೊರಡಬಹುದು ಎಂಬ ಮನೆಯ ಕಟ್ಟಳೆಯಿಂದ ಹುಟ್ಟಿತು.

1834ರಲ್ಲಿ ಬ್ರಿಟಿಷರು ಕೊಡಗನ್ನು ಸೇರಿಸಿಕೊಂಡ ಮೇಲೆ ಕಾಫಿ ಹಬ್ಬಿತು. ಸರ್ಕಾರಿ ನೌಕರಿ ಮತ್ತು ಸೇನೆ ಗಂಡಸರನ್ನು ಹೊರಗೆ ಕರೆದವು, ಒಲೆಗಳು ಬೇರೆಯಾದವು. ಒಕ್ಕ ಸತ್ತಿಲ್ಲವಲ್ಲ, ಕೊಡವ ಒಕ್ಕಗಳ ನಡುವಿನ ಹಾಕಿ ಹಬ್ಬ ನೋಡಿ ಎನ್ನುವವರಿದ್ದಾರೆ. ನಿಜ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಆರಂಭಿಸಿದ ಆ ಪಂದ್ಯಾವಳಿಯಲ್ಲಿ 2024ರ ಹೊತ್ತಿಗೆ, ನಾಪೋಕ್ಲುವಿನಲ್ಲಿ, 360 ಒಕ್ಕಗಳು ಆಡಿದವು. ಒಕ್ಕದ ಹೆಸರಿಗೆ ಇಷ್ಟು ಕಸುವಿರುವುದು ಸಂತೋಷದ ವಿಷಯ. ಆದರೆ ಆ ಹಬ್ಬ ನಡೆಯುವುದು ಬೇಸಿಗೆಯಲ್ಲಿ, ಶಾಲೆಗೆ ರಜೆ ಸಿಕ್ಕಾಗ, ಬೆಂಗಳೂರಿನಲ್ಲಿರುವವರು ಊರಿಗೆ ಬರಬಲ್ಲ ದಿನಗಳಲ್ಲಿ. ಕುಟುಂಬ ಕೂಡುವ ಕಾಲವನ್ನು ಈಗ ಗದ್ದೆ ಗೊತ್ತುಮಾಡುತ್ತಿಲ್ಲ. ಕಣಿಪೂಜೆ ನಗರದ ಮನೆಗಳಿಗೂ ಹೋಗಿದೆ, ತೀರ್ಥದ ಬಾಟಲಿಯೂ ಹೋಗಿದೆ. ಬೊತ್ತು ಮಾತ್ರ ಹೋಗಲಾರದು. ಅದಕ್ಕೆ ಮಣ್ಣು ಬೇಕು, ಮತ್ತು ಕೊಡಗಿನ ಎಷ್ಟೋ ಗದ್ದೆಗಳು ಈಗ ನಾಟಿಯಿಲ್ಲದೆ ಪಾಳುಬಿದ್ದಿವೆ.